ಗಂಡು ನೋಡಲು ಬಂದ ಟೆರಿಯರ್

ಪ್ರಾಣಿಗಳ ವಿಷಯದಲ್ಲಿ ನನ್ನ ಅಧಿಕಾರವನ್ನು ಕುಷ್ಟಗಿಯಲ್ಲಿ ಇದುವರೆಗೆ ಯಾರೂ ಪ್ರಶ್ನಿಸಿರಲಿಲ್ಲ. ಪಶು ಆಸ್ಪತ್ರೆಯಲ್ಲಿ ನೌಕರಿಗೆ ಸೇರಿ, ಪಶು ಆಸ್ಪತ್ರೆಯಲ್ಲೇ ಹಾರ ಹಾಕಿಸಿಕೊಂಡು ನಿವೃತ್ತನಾದವನು ನಾನು. ನಮ್ಮ ಓಣಿಯಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ನನ್ನನ್ನು ‘ಡಾಕ್ಟ್ರು’ ಎಂದೇ ಕರೆಯುತ್ತಾರೆ. ನಾನು ಅಲ್ಲಿ ಗುಮಾಸ್ತನಾಗಿದ್ದೆ ಎಂಬುದು ಒಂದು ಸಣ್ಣ ವಿವರ. ಅದನ್ನು ನಾನಾಗಿ ಹೇಳಲು ಹೋಗಲಿಲ್ಲ, ಅವರಾಗಿ ಕೇಳಲು ಬರಲಿಲ್ಲ. ದನಗಳು ಕುಂಟುತ್ತ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಇಡೀ ಆಯುಷ್ಯ ಕಿಟಕಿಯಿಂದ ನೋಡಿದ ಮನುಷ್ಯನಿಗೆ ಪಶುವೈದ್ಯ ವಿದ್ಯೆ ಗಾಳಿಯಲ್ಲೇ ಬಂದು ಅಂಟಿಕೊಳ್ಳುತ್ತದೆ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು.

ಆಗಿತ್ತು!

ಈ ನಂಬಿಕೆಗೆ ಹೇಗೆ ಕತ್ತರಿ ಬಿತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನನ್ನ ಹೆಂಡತಿ ಶಾರದಾ ಹೇಳುತ್ತಾಳೆ. ಅವಳು ಹೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾಳೆ. ಅದು ನನಗೆ ಬೇಡವಾಗಿದೆ.

ನಮ್ಮ ಏಕಮಾತ್ರ ಪುತ್ರ ವೀರೇಶ. ಗಿಣಿಗೇರಾ ಕಡೆಯ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಒಳ್ಳೆಯ ಪಗಾರ, ಒಳ್ಳೆಯ ಗುಣ, ಮಾತು ಮಾತ್ರ ಭಾಳ ಕಡಿಮೆ. ಇವನಿಗೆ ಹೆಣ್ಣು ಸಿಗುವುದು ಚಹಾ ಕುಡಿದಷ್ಟು ಸುಲಭ ಎಂದುಕೊಂಡಿದ್ದೆ. ಹಿಂದೆ ಗಂಡಿನವರು ಹೋಗಿ ಶಿರಾ ಉಪ್ಪಿಟ್ಟು ತಿಂದು, “ಊರಿಗೆ ಹೋಗಿ ತಿಳಸ್ತೀವಿ” ಎಂದು ಮೀಸೆ ಒರೆಸಿಕೊಂಡು ಎದ್ದು ಬರುತ್ತಿದ್ದರು. ಈಗಲೂ ಶಿರಾ ಅದೇ, ಉಪ್ಪಿಟ್ಟು ಅದೇ. ತಿಳಿಸುವವರು ಮಾತ್ರ ಬದಲಾಗಿದ್ದಾರೆ! ಕೊಪ್ಪಳದ ಹುಡುಗಿ ಕಾರ್ಖಾನೆಯ ಹೊಗೆ ಆಗುವುದಿಲ್ಲ ಎಂದಳು. ಯಲಬುರ್ಗಾದವರು ಸರಕಾರಿ ನೌಕರಿ ಇದ್ದರೆ ಹೇಳಿ ಎಂದರು. ಕನಕಗಿರಿಯ ಹುಡುಗಿ ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿ, “ಇವರೂ ಅದ ಮನ್ಯಾಗ ಇರ್ತಾರೇನ್ರಿ?” ಎಂದು ವೀರೇಶನನ್ನು ಕೇಳಿದಳು. ಆವತ್ತಿನಿಂದ ಶಾರದಾ ಶಿರಾ ಮುಟ್ಟುವುದನ್ನೇ ಬಿಟ್ಟಳು.

ಇಂಥ ಹೊತ್ತಿನಲ್ಲಿ ಗಂಗಾವತಿಯ ಸಂಬಂಧ ಬಂತು. ಹುಡುಗಿಯ ಹೆಸರು ಶ್ವೇತಾ, ಬ್ಯಾಂಕಿನಲ್ಲಿ ಅಧಿಕಾರಿ. ತಂದೆ ಚನ್ನಬಸಪ್ಪನವರು ಅಕ್ಕಿ ವ್ಯಾಪಾರಸ್ಥರು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಅವರ ಮನೆಗೆ ಹೆಣ್ಣು ನೋಡಲು ಹೋದಾಗ ವೀರೇಶ ಮೊದಲ ಬಾರಿ ತಲೆ ಎತ್ತಿ ಒಂದು ಹುಡುಗಿಯನ್ನು ನೋಡಿದ. ಹೆತ್ತವರಿಗೆ ಅಷ್ಟು ಸಾಕಲ್ಲ! ಈ ಸಂಬಂಧ ತಪ್ಪಬಾರದು ಎಂದು ಶಾರದಾ ನನ್ನ ಕಿವಿಯಲ್ಲಿ ಹೇಳಿದಳು. “ನೀವು ಸುಮ್ಮನ ಕುಂತ್ರ ಸಾಕು” ಎಂದೂ ಸೇರಿಸಿದಳು.

ನಾನು ಸುಮ್ಮನೆ ಕೂಡಲು ಸೋಫಾದತ್ತ ಹೋದೆ. ಅದರ ಮೂಲೆಯಲ್ಲಿ ನುಣುಪಾದ ಒಂದು ದಿಂಬು ಇತ್ತು. ಗಂಡಿನ ತಂದೆಗೆ ತಕ್ಕ ಗಾಂಭೀರ್ಯದಿಂದ ಅದರ ಮೇಲೆ ಮೊಳಕೈ ಊರಿದೆ.

ದಿಂಬು ಬೊಗಳಿತು!

ನಾನು ಗಾಬರಿಯಾಗಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬಯಸುತ್ತೇನೆ. ಕೈಯಲ್ಲಿದ್ದ ಚಹಾ ಮಾತ್ರ ಗಾಬರಿಯಾಗಿ ಧೋತರದ ಮೇಲೆ ಬಿತ್ತು.

“ಅಯ್ಯೋ, ಇಕಿ ನಮ್ಮ ರೇಷ್ಮಿ ರೀ ಅಂಕಲ್. ಯಾರ್ಕ್‌ಷೈರ್ ಟೆರಿಯರ್,” ಎಂದು ಶ್ವೇತಾ ಓಡಿಬಂದು ದಿಂಬನ್ನು ಎತ್ತಿಕೊಂಡಳು.

“ಗೊತ್ತೈತಿ ಬಿಡವ್ವಾ. ನೋಡಿದ ಕೂಡ್ಲೇ ಟೆರಿಯರ್ ಅಂತ ಗುರ್ತಿಸಿದೆ. ನಮ್ಮ ಸರ್ವೀಸು ಹೋದದ್ದ ಅದರಾಗ,” ಎಂದೆ.

“ದಿಂಬು ಅಂತ ಗುರ್ತಿಸಿದ್ರಿ,” ಎಂದಳು ಶಾರದಾ, ತುಟಿ ಅಲ್ಲಾಡಿಸದೆ.

ಚನ್ನಬಸಪ್ಪನವರ ಮುಖ ಅರಳಿತು. “ಹಂಗಾರ ದೇವರ ನಿಮ್ಮನ್ನ ಕಳಿಸಿದಾಂಗಾತು ನೋಡ್ರಿ! ನಾವು ಮನಿಮಂದಿ ಎಲ್ಲಾ ಕಾಶಿಗೆ ಹೊಂಟೀವಿ. ಇದನ್ನ ಯಾರ ಕಡೆ ಬಿಡೂದು ಅನ್ನೂದ ಒಂದು ಚಿಂತಿ ಆಗಿತ್ರಿ.”

“ನಾವಿರೂವಾಗ ಚಿಂತಿ ಯಾಕ್ರಿ? ನಮ್ಮ ಮನ್ಯಾಗ ಬಿಡ್ರಿ!”

ಮೇಜಿನ ಕೆಳಗೆ ಶಾರದಾ ನನ್ನ ಕಾಲು ತುಳಿದಳು. ಅದು ಪ್ರೋತ್ಸಾಹ ಎಂದು ತಿಳಿದೆ.

“ಛಲೋ ಆತು,” ಎಂದು ಚನ್ನಬಸಪ್ಪನವರು ಗಹಗಹಿಸಿದರು. “ಮದ್ಲ ನಾಯಿ ಬಂದು ಗಂಡಿನ ಮನಿ ನೋಡ್ಲಿ. ಆಮ್ಯಾಲ ನಾವು ನೋಡ್ತೀವಿ!”

ಎಲ್ಲರೂ ನಕ್ಕರು. ಶ್ವೇತಾ ಮಾತ್ರ ನಗಲಿಲ್ಲ. “ಕಾಶಿಯಿಂದ ಬಂದ ಮ್ಯಾಲ ನನ್ನ ಅಭಿಪ್ರಾಯ ಹೇಳ್ತೀನ್ರಿ,” ಎಂದಳು. ನನಗೆ ವಿಷಯ ಅರ್ಥವಾಯಿತು. ಇದು ತಪಾಸಣೆ! ಇಲಾಖೆಯ ಮೇಲಧಿಕಾರಿಗಳು ಬರುವ ಮೊದಲು ಒಬ್ಬ ಕಿರಿಯ ಅಧಿಕಾರಿಯನ್ನು ಕಳಿಸುತ್ತಾರಲ್ಲ, ಹಾಗೆ.

ಮುಂದಿನ ವಾರ ಕಿರಿಯ ಅಧಿಕಾರಿ ಕಾರಿನಲ್ಲಿ ಕುಷ್ಟಗಿಗೆ ಆಗಮಿಸಿತು. ಜೊತೆಗೆ ಅದರ ಹಾಸಿಗೆ, ಅದರ ತಾಟು, ಅದರ ಬಾಚಣಿಕೆ. ಶ್ವೇತಾ ಅದರ ನೆತ್ತಿಯ ರಿಬ್ಬನ್ ಸರಿಮಾಡಿ ಹೇಳಿದಳು: “ದಿನಾ ಒಮ್ಮೆ ಬಾಚ್ರಿ ಅಂಕಲ್. ಗಂಟು ಆಗದಾಂಗ ನೋಡ್ಕೊಳ್ರಿ. ಮತ್ತೇನೂ ಮಾಡೂದು ಬ್ಯಾಡ್ರಿ.”

ಮತ್ತೇನೂ ಮಾಡುವುದು ಬೇಡ! ಹಿರಿಯರಿಗೆ ತೊಂದರೆ ಕೊಡಬಾರದೆಂಬ ಸಂಕೋಚದಿಂದ ಆಡಿದ ಮಾತಿದು ಎಂದು ನಾನು ಅರ್ಥೈಸಿದೆ. ಇಂಥ ಸುಸಂಸ್ಕೃತ ಸೊಸೆ ಸಿಗುತ್ತಾಳಲ್ಲ ಎಂದು ಕಣ್ಣು ತೇವವಾಯಿತು.

ಈಗ ಆ ನಾಯಿಯ ಅಂಗಲಕ್ಷಣಗಳನ್ನು ವರ್ಣಿಸಬೇಕು. ಉದ್ದದಲ್ಲಿ ನಮ್ಮ ರೊಟ್ಟಿ ಬುಟ್ಟಿಗಿಂತ ತುಸು ಹೆಚ್ಚು, ತೂಕದಲ್ಲಿ ಒಂದು ಮಧ್ಯಮ ಗಾತ್ರದ ಕುಂಬಳಕಾಯಿ. ನೆಟ್ಟಗೆ ನಿಂತ ಎರಡು ಪುಟ್ಟ ತ್ರಿಕೋನದ ಕಿವಿ. ಬೆನ್ನ ಮೇಲೆ ವೀರೇಶನ ಕಾರ್ಖಾನೆಯ ಹೊಸ ಸರಳಿನಂಥ ನೀಲಿಗಪ್ಪು ಹೊಳಪು, ಮುಖ ಮತ್ತು ಕಾಲು ಹುರಿದ ರವೆಯ ಬಣ್ಣ. ಮೂಗಿನಿಂದ ಬಾಲದ ತನಕ ಒಂದೇ ನೇರ ಬೈತಲೆ. ಅಲ್ಲಿಂದ ಎರಡೂ ಬದಿಗೆ ಕೂದಲು ನೆಲದವರೆಗೆ ಪರದೆಯಂತೆ ಇಳಿದಿತ್ತು. ಕಾಲು ಕಾಣುತ್ತಿರಲಿಲ್ಲ. ನಡೆದರೆ ಜಾರಿಕೊಂಡು ಹೋದಂತೆ ಕಾಣುತ್ತಿತ್ತು. ಮುಂದು ಯಾವುದು ಹಿಂದು ಯಾವುದು ಎಂದು ತಿಳಿಯಲು ರಿಬ್ಬನ್ ನೋಡಬೇಕು. ಮೊದಲ ದಿನ ಶಾರದಾ ಬಾಲದ ಮುಂದೆ ಹಾಲು ಇಟ್ಟು, “ಒಲ್ಲೆ ಅಂತೈತ್ರಿ” ಎಂದು ಬೇಸರಪಟ್ಟುಕೊಂಡಳು.

ಓಣಿಗೆ ಓಣಿಯೇ ನೋಡಲು ಬಂತು. ಎದುರು ಮನೆಯ ಖಾಜಾಸಾಬ ದರ್ಜಿ ಅಂಗಡಿಯಲ್ಲಿ ಅರ್ಧ ಹೊಲಿದ ಜಂಪರು ಬಿಟ್ಟು ಬಂದ. ನಮ್ಮಿಬ್ಬರದು ಹಳೆಯ ಸ್ನೇಹ. ಕಟ್ಟೆಯ ಮೇಲೆ ಕುಳಿತು ನಾನು ಮೊಬೈಲ್ ತೆರೆದು, ಸಣ್ಣ ಟೆರಿಯರುಗಳ ಕುರಿತು ಒಂದು ಉಪನ್ಯಾಸ ಆರಂಭಿಸಿದೆ.

“ಖಾಜಾಸಾಬ, ಟೆರಿಯರ್ ಅಂದ್ರ ಒಂದ ನಾಯಿ ಅಲ್ಲ. ಭಾಳ ತಳಿ ಅದಾವ. ನಾರ್ವಿಚ್ ಅಂತ ಒಂದು, ನಾರ್ಫೋಕ್ ಅಂತ ಒಂದು. ಎರಡೂ ಗಿಡ್ಡ, ಎರಡೂ ಕೆಂಪು, ಎರಡೂ ಒಂದ ಅಳತಿ. ಒಂದರ ಕಿವಿ ನಿಂತಿರ್ತಾವ, ಇನ್ನೊಂದರ ಕಿವಿ ಮಡಚಿರ್ತಾವ. ಅಷ್ಟ ಫರಕು.”

“ಅಂದ್ರ ಕಿವಿ ಮಡಚಿದ್ರ ಜಾತಿ ಬದಲಾಗ್ತೈತೇನ್ರಿ?”

“ಹೌದು.”

“ಎಷ್ಟ ಸಸ್ತಾ ಆತಲ್ರಿ ಡಾಕ್ಟ್ರ! ನಮ್ಮ ಕಡೆ ತಲಿ ಹೋದ್ರೂ ಬದಲಾಗಂಗಿಲ್ಲ.”

ನಾನು ಈ ಮಾತನ್ನು ಕಡತದಿಂದ ತೆಗೆದುಹಾಕಿ ಮುಂದುವರಿದೆ. “ಇನ್ನ ವೆಸ್ಟ್ ಹೈಲ್ಯಾಂಡ್ ಅಂತ. ಹಾಲಿನಂಥ ಬಿಳಿ. ಅದರ ಬಾಲ ಗಜ್ಜರಿ ಆಕಾರದಾಗ ಇರ್ಬೇಕಂತ ಶಾಸ್ತ್ರದಾಗ ಬರದಾರ.”

“ಗಜ್ಜರಿ ಯಾಕ್ರಿ? ಹಲ್ವಾ ಮಾಡಾಕ?”

“ಬಿಲದಾಗ ಹೊಕ್ಕ ನಾಯಿನ್ನ ಬಾಲ ಹಿಡದು ಎಳೀಲಿಕ್ಕೆ! ಟೆರಿಯರ್ ಹುಟ್ಟಿದ್ದ ಇಲಿ ಹೆಗ್ಗಣ ಹಿಡಿಯಾಕ, ತಿಳೀತಾ?”

ಖಾಜಾಸಾಬ ನಮ್ಮ ಅಧಿಕಾರಿಯನ್ನು ನೋಡಿದ. ಅದು ಕೂದಲಿನೊಳಗೆ ನಿದ್ದೆ ಹೋಗಿತ್ತು. “ಇದು ಹಿಡಿಯಂಗಿಲ್ರಿ,” ಎಂದ. “ಇದರ ಕೂದಲಾಗ ಇಲಿ ಮನಿ ಮಾಡ್ತಾವು.”

ಅದೇ ಹೊತ್ತಿಗೆ ಮೊಬೈಲಿನ ಒಂದು ಪ್ಯಾರಾ ನನ್ನ ಕಣ್ಣಿಗೆ ಬಿತ್ತು. ಟೆರಿಯರುಗಳ ಕೂದಲು ತಂತಿಯಂತೆ ಬಿರುಸು, ಎರಡು ಪದರ. ಹಳೆಯ ಕೂದಲು ಸತ್ತು ಮೈಮೇಲೆಯೇ ಉಳಿಯುತ್ತದೆ. ವರ್ಷಕ್ಕೆ ಎರಡು ಸಲ ಅದನ್ನು ತೆಗೆಸದಿದ್ದರೆ ಚರ್ಮಕ್ಕೆ ಬಾಧೆ.

ಆ ಪ್ಯಾರಾ ನಾರ್ವಿಚ್ ಮತ್ತು ಅದರ ಬಿರುಸು ಕೂದಲಿನ ಬಂಧುಗಳಿಗೆ ಸಂಬಂಧಿಸಿದ್ದು. ಯಾರ್ಕ್‌ಷೈರಿನ ಮಾತು ಬಹಳ ಕೆಳಗೆ, ಬೇರೆ ತಲೆಬರಹದಡಿ ಇತ್ತು. ಅದರ ಕೂದಲು ಮನುಷ್ಯರ ತಲೆಗೂದಲಿನಂತೆ ಒಂದೇ ಪದರ, ಸುಮ್ಮನೆ ಬೆಳೆಯುತ್ತ ಹೋಗುತ್ತದೆ, ಬಾಚಿದರೆ ಸಾಕು ಎಂದು ಬರೆದಿತ್ತಂತೆ. ಆದರೆ ಪುಟದ ಬುಡದವರೆಗೆ ಓದುವುದು ಸಂಶಯ ಇರುವವರ ಕೆಲಸ. ನನಗೆ ಸಂಶಯ ಇರಲಿಲ್ಲ.

ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ. ಮಧ್ಯಾಹ್ನ ಕಾಗೆಯೂ ನೆರಳು ಬಿಟ್ಟು ಹಾರುವುದಿಲ್ಲ. ನಾಯಿ ಕಲ್ಲುಹಾಸಿನ ಮೇಲೆ ನಾಲಿಗೆ ಚಾಚಿ ತೇಕುತ್ತಿತ್ತು. ಬೀಗರ ಕಿರಿಯ ಅಧಿಕಾರಿ ನಮ್ಮ ಮನೆಯಲ್ಲಿ ಸತ್ತ ಕೂದಲು ಹೊತ್ತು ಬೇಯುವುದೇ? ಹುಡುಗಿ ಕಾಶಿಯಿಂದ ಬಂದು, “ಅಂಕಲ್, ಇಷ್ಟು ಹಗುರ ಹೆಂಗ ಆದ್ಲು?” ಎಂದು ಆಶ್ಚರ್ಯಪಡುವ ದೃಶ್ಯ ನನ್ನ ಕಣ್ಮುಂದೆ ಕಟ್ಟಿತು.

“ಒದ್ದಿ ಅರಿವಿ ಹಾಸಿ ಫ್ಯಾನ್ ಹಚ್ಚಿದ್ರ ಆತು. ಆಕಿ ಬಾಚ್ರಿ ಅಂದಾಳ, ಬಾಚ್ರಿ,” ಎಂದಳು ಶಾರದಾ.

“ಆಕಿ ಬಾಚಣಿಕಿ ಕೊಟ್ಟಾಳ. ಶಾಸ್ತ್ರ ಕೊಟ್ಟಿಲ್ಲ. ಅದು ನನ್ನ ಕಡೆ ಐತಿ.”

ಮೊದಲು ಕ್ಷೌರದಂಗಡಿಗೆ ಹೋದೆ. ಒಳಗೆ ಬಿಡಲಿಲ್ಲ. “ಡಾಕ್ಟ್ರ, ಇದ ಕತ್ರಿಲೇ ನಾಳಿ ಊರ ಹಿರಿಯಾರ ಮೀಸಿ ಮುಟ್ಟಬೇಕ್ರಿ ನಾನು,” ಎಂದು ಅಂಗಡಿಯವರು ಬಾಗಿಲಲ್ಲೇ ಕೈ ಮುಗಿದರು. ಹೊರಗೆ ಬಂದು ಯೋಚಿಸುತ್ತ ನಿಂತಾಗ, ಯಲಬುರ್ಗಾ ರಸ್ತೆಯ ಕಡೆಯಿಂದ ಕುರಿಗಳ ಸದ್ದು ಕೇಳಿತು. ನನ್ನ ಮಿದುಳು ಮಿಂಚಿತು. ಮಿಂಚಬಾರದಿತ್ತು!

ಕುರಿಗಾರ ಬೀರಪ್ಪ ಪರಿಚಯದವನು. ಅವನ ಹಿಂಡು ಊರ ಹೊರಗಿನ ಹೊಲದಲ್ಲಿ ಬೀಡುಬಿಟ್ಟಿತ್ತು. ಕುರಿಗಳನ್ನು ಹಳ್ಳದಲ್ಲಿ ಮೈತೊಳೆದು, ಕಾಲು ಕಟ್ಟಿ ಮಲಗಿಸಿ, ಉದ್ದ ಕತ್ತರಿಯಿಂದ ಉಣ್ಣೆ ತೆಗೆಯುವ ಕೆಲಸ ಭರದಿಂದ ಸಾಗಿತ್ತು. ಬದಿಯಲ್ಲಿ ಕಂಬಳಿಗೆ ಹೋಗಲಿರುವ ಕರಿ ಉಣ್ಣೆಯ ಗುಡ್ಡೆ. ಇಂಥ ಅನುಭವಿ ಕೈಗಳನ್ನು ಕಣ್ಮುಂದೆ ಇಟ್ಟುಕೊಂಡು ನಾನು ಕ್ಷೌರದಂಗಡಿಯಲ್ಲಿ ಅವಮಾನ ಸಹಿಸಿದೆನಲ್ಲ!

ಬೀರಪ್ಪ ನನ್ನ ಕಂಕುಳಲ್ಲಿದ್ದುದನ್ನು ನೋಡಿ, “ಇದ್ಯಾವ ಸೀಮಿ ಕುರಿಮರಿ ರೀ ಡಾಕ್ಟ್ರ? ಭಾಳ ಛಲೋ ಉಣ್ಣಿ ಬಿಟ್ಟೈತಿ!” ಎಂದ. ಕುರಿಮರಿ ಬೊಗಳಿತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಟೆರಿಯರ್ ಬೀರಪ್ಪಾ. ಸತ್ತ ಕೂದಲು ತಗೀಬೇಕು.”

“ನಾಯಿ ಉಣ್ಣಿ ಕತ್ತರ್ಸೂದು ನಮ್ಮ ವಂಶದಾಗ ಇಲ್ರಿ.”

“ನಾ ಹೇಳ್ತೀನಲ್ಲ! ಡಾಕ್ಟ್ರು ಯಾರು, ನೀನೋ ನಾನೋ?”

ಅವನು ಕತ್ತರಿ ಕೈಗೆತ್ತಿಕೊಂಡ. ನನ್ನಿಡೀ ವೃತ್ತಿಜೀವನದಲ್ಲಿ ಮೊದಲ ಸಲ ನನ್ನ ಪದವಿ ಕೆಲಸಕ್ಕೆ ಬಂತು. “ಬುಡತನಾ ತಗೀಲೇನ್ರಿ, ಬೆರಳಷ್ಟು ಬಿಡ್ಲೇನ್ರಿ?” ಎಂದು ಬೀರಪ್ಪ ಕೇಳಿದ. “ಬುಡತನಾ ತಗಿ. ಸತ್ತದ್ದು ಒಂದೂ ಉಳೀಬಾರ್ದು,” ಎಂದು ಆಜ್ಞಾಪಿಸಿ, ಬೇವಿನ ಮರದ ನೆರಳಿಗೆ ಹೋಗಿ ಚಹಾ ಕುಡಿಯುತ್ತ ಕುಳಿತೆ.

ಚಹಾ ಮುಗಿಯುವುದರೊಳಗೆ ನಾಯಿ ಮುಗಿದಿತ್ತು.

ಬೀರಪ್ಪ ಎತ್ತಿ ತೋರಿಸಿದ ವಸ್ತುವನ್ನು ನಾನು ಬಹಳ ಹೊತ್ತು ನೋಡಿದೆ. ಕುಂಬಳಕಾಯಿ ಹೋಗಿ ಹೀರೇಕಾಯಿ ಉಳಿದಿತ್ತು. ದೊಡ್ಡ ಕಿವಿ, ಸಣಕಲು ಕಾಲು, ಕಡ್ಡಿಯಂಥ ಬಾಲ, ಮೈಮೇಲೆ ಸಾಲು ಸಾಲಾಗಿ ಕತ್ತರಿಯ ಗೆರೆ, ಉತ್ತಿದ ಹೊಲದಂತೆ. ಇವುಗಳ ನಡುವೆ ನನ್ನನ್ನೇ ನೋಡುವ ಎರಡು ದುಂಡು ಕಣ್ಣು. ಇಷ್ಟು ದಿನ ಆ ಕಣ್ಣು ಕೂದಲಿನ ಹಿಂದೆ ಇದ್ದವು. ಈಗ ಮರೆಯಿಲ್ಲದೆ ಪ್ರಶ್ನೆ ಕೇಳುತ್ತಿದ್ದವು.

“ಕೂದಲಾ ಎಲ್ಲಿ ಬೀರಪ್ಪಾ?” ಎಂದೆ.

ಅವನು ಕರಿ ಉಣ್ಣೆಯ ಗುಡ್ಡೆಯತ್ತ ಕೈ ತೋರಿಸಿದ. “ಅದರಾಗ ಕೂಡಿ ಹೋತ್ರಿ.”

ಬೀಗರ ರೇಷ್ಮೆ ಕಂಬಳಿಗೆ ಸೇರಿತ್ತು! ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಾಯಿಯನ್ನು ಕೈಗೆ ತೆಗೆದುಕೊಂಡಾಗ ನನ್ನ ಅಂಗೈ ಕೆಂಪಾಯಿತು. ರಕ್ತವೆಂದು ನಾಯಿಯನ್ನು ತಿರುಗಿಸಿ ನೋಡಿದೆ. ರಕ್ತವಲ್ಲ. ಉಣ್ಣೆ ತೆಗೆದ ಕುರಿಗೆ ತಮ್ಮ ಹಿಂಡಿನ ಗುರುತಾಗಿ ಬೆನ್ನಿನ ಹಿಂಭಾಗಕ್ಕೆ ಕೆಂಪು ಬಣ್ಣದ ಮುದ್ರೆ ಒತ್ತುವುದು ಅವರ ಪದ್ಧತಿ. ಕೈಗೆ ರೂಢಿಯಾದ ಕೆಲಸ, ಒತ್ತಿಬಿಟ್ಟಿದ್ದ.

“ಇದು ಯಾವಾಗ ಹೋಗ್ತೈತೋ?”

“ಹೋಗಂಗಿಲ್ರಿ, ಕಳ್ಳಸಂತಿಯಾಗೂ ಗುರ್ತ ಸಿಗ್ತೈತಿ,” ಎಂದ ಬೀರಪ್ಪ ಹೆಮ್ಮೆಯಿಂದ. “ಉಣ್ಣಿ ಬೆಳದ ಮ್ಯಾಲ ಹೋಗ್ತೈತ್ರಿ.”

ಹೀಗೆ ಗಂಗಾವತಿಯ ಶ್ವೇತಾಳ ಟೆರಿಯರು ಕಾನೂನು ಪ್ರಕಾರ ಬೀರಪ್ಪನ ಹಿಂಡಿನ ಸದಸ್ಯೆಯಾಗಿ ಮನೆಗೆ ಮರಳಿತು.

ಶಾರದಾ ಬಾಗಿಲಲ್ಲಿ ನಿಂತಿದ್ದಳು. “ಅಯ್ಯ ಶಿವನ! ಹೆಗ್ಗಣ ಯಾಕ ಎತ್ಕೊಂಡು ಬಂದೀರಿ? ರೇಷ್ಮಿ ಎಲ್ಲಿ?”

ನಾನು ಕೈಯಲ್ಲಿದ್ದುದನ್ನು ಕೆಳಗೆ ಬಿಟ್ಟೆ. ಹೆಗ್ಗಣ ಓಡಿಹೋಗಿ ತನ್ನ ಹಾಸಿಗೆಯ ಮೇಲೆ ಕುಳಿತುಕೊಂಡಿತು. ಆಗ ಅವಳಿಗೆ ತಿಳಿಯಿತು. ಅವಳು ಕಿರುಚುತ್ತಾಳೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಗೋಡೆಗೆ ಒರಗಿ ಮೆಲ್ಲಗೆ ಕೂತಳು. “ನನ್ನ ಮಗನ ಮದುವಿ ಹೋತು,” ಎಂದಳು. ಅಷ್ಟೇ. ಮೂವತ್ತು ದಾಟಿದ ಮಗನ ತಾಯಿ ಹಾಗೆ ಕೂತದ್ದನ್ನು ನೋಡುವುದಕ್ಕಿಂತ ಕಿರುಚಿಸಿಕೊಳ್ಳುವುದು ಎಷ್ಟೋ ಸುಖ.

ಪಾಳಿ ಮುಗಿಸಿ ಬಂದ ವೀರೇಶ ನಾಯಿಯನ್ನು ನೋಡಿದ. ನನ್ನನ್ನು ನೋಡಿದ. “ಅಪ್ಪಾ, ಇದ್ದದ್ದು ಇದ್ದಾಂಗ ಹೇಳಿಬಿಡೂಣು,” ಎಂದ. ಅವನ ಪಾಲಿಗೆ ಅದು ದೀರ್ಘ ಭಾಷಣ.

“ಹುಚ್ಚುಚ್ಚರ ಮಾತಾಡಬ್ಯಾಡ! ಅವರು ಬರೂದ್ರಾಗ ಬೆಳೀತೈತಿ. ತಿಳೀದವರಾಂಗ ಸುಮ್ನಿರು,” ಎಂದು ಗದರಿದೆ. ಅವನು ಸುಮ್ಮನೆ ಮಾಳಿಗೆ ಹತ್ತಿದ.

ಬೆಳೆಯುತ್ತದೆಂದು ಕೊಬ್ಬರಿ ಎಣ್ಣೆ ಹಚ್ಚಿದೆ. ಎಣ್ಣೆ ಹಚ್ಚಿದ ಮೇಲೆ ಕೆಂಪು ಮುದ್ರೆ ಇನ್ನಷ್ಟು ಹೊಳೆಯಿತು.

ಅಷ್ಟರಲ್ಲಿ ಕಾಶಿಯಿಂದ ವಿಡಿಯೋ ಕರೆ. “ಅಂಕಲ್, ರೇಷ್ಮಿನ್ನ ತೋರಸ್ರಿ!” ನಾನು ನಾಯಿಯನ್ನು ಟವೆಲ್ಲಿನಲ್ಲಿ ಸುತ್ತಿ, ಮೂಗಿನ ತುದಿಯೊಂದನ್ನು ಹೊರಗಿಟ್ಟು ತೋರಿಸಿದೆ. “ಈಗ ಜಳಕ ಆತವ್ವಾ. ನೆಗಡಿ ಆಗಬಾರ್ದು ನೋಡು.” ಮರುದಿನ, “ನಿದ್ದಿ ಹತ್ತೈತಿ” ಎಂದು ಕಂಬಳಿ ಹೊದಿಸಿದ ಒಂದು ಉಬ್ಬನ್ನು ತೋರಿಸಿದೆ. ಅದು ನಿಜವಾದ ದಿಂಬು. ಈ ಸಲ ನಾನು ದಿಂಬನ್ನು ನಾಯಿಯೆಂದು ಗುರುತಿಸಿದ್ದೆ! ಆಮೇಲೆ ಹುಡುಗಿ, “ನಾಳಿ ಆಕಿನ್ನ ನಡಿಸಿ ತೋರಸ್ರಿ ಅಂಕಲ್. ಆಕಿ ನಡಿಗಿ ನೋಡ್ಬೇಕು ಅನಿಸೈತಿ,” ಎಂದಳು.

ಖಾಜಾಸಾಬನ ಹೊರತು ಗತಿಯಿರಲಿಲ್ಲ. ಅವನು ಟೇಪು ತೆಗೆದು ನಾಯಿಯ ಎದೆ, ಸೊಂಟ, ಉದ್ದ ಎಲ್ಲ ಅಳೆದ. “ತೋಳು ಇಡ್ಲೇನ್ರಿ?” ಎಂದ.

“ಕೂದಲಾ ಬೇಕಾಗ್ಯಾವ ಮಾರಾಯಾ, ಅಂಗಿ ಅಲ್ಲ!”

“ಕೂದಲಾ ಎಲ್ಲಿಂದ ತರ್ಲಿ ಡಾಕ್ಟ್ರ? ನನ್ನ ತಲಿಯಾಗೂ ಇಲ್ಲ, ನಿಮ್ಮ ತಲಿಯಾಗೂ ಇಲ್ಲ.”

ಇಬ್ಬರೂ ಒಟ್ಟಿಗೆ ಶಾರದಾಳ ಟ್ರಂಕಿನತ್ತ ನೋಡಿದೆವು. ಅದರಲ್ಲಿ ಅವಳ ಮದುವೆಯ ಚೌರಿ ಇತ್ತು, ಮೊಳಕಾಲುದ್ದದ್ದು. ಜಡೆಗೆ ಸೇರಿಸಿ ಹೆಣೆಯಲು ಅವಳ ತಾಯಿ ಕೊಟ್ಟದ್ದು. ಶಾರದಾ ನಮ್ಮಿಬ್ಬರನ್ನೂ ನೋಡಿದಳು, ಟ್ರಂಕನ್ನೂ ನೋಡಿದಳು. ಆಮೇಲೆ ಎದ್ದು, ತಾನೇ ತೆಗೆದು ಕೊಟ್ಟಳು. “ಮಗನ ಮುಖಾ ನೋಡಿ ಕೊಡ್ತೀನಿ. ನಿಮ್ಮದಲ್ಲ,” ಎಂದಳು.

ಖಾಜಾಸಾಬ ತನ್ನ ಕಸುಬಿಗೆ ಮೋಸ ಮಾಡಲಿಲ್ಲ. ಅಸ್ತರಿನ ಬಟ್ಟೆಯಲ್ಲಿ ಒಂದು ಬನಿಯನ್ ಕತ್ತರಿಸಿ, ಚೌರಿಯನ್ನು ಎರಡು ಪಾಲು ಮಾಡಿ ಬೆನ್ನ ಮೇಲೆ ಬೈತಲೆ ಬರುವಂತೆ ಹೊಲಿದು, ಹೊಟ್ಟೆಯ ಕೆಳಗೆ ಜಂಪರಿನ ಹುಕ್ಕು ಹಚ್ಚಿದ. ತಲೆಗೆ ಒಂದು ಕುಲಾವಿ, ಅದರ ಮೇಲೆ ರಿಬ್ಬನ್. ಚೌರಿ ಕಾಡಿಗೆಯಷ್ಟು ಕಪ್ಪು, ರೇಷ್ಮಿ ಉಕ್ಕಿನ ಬಣ್ಣದವಳು. ಆದರೆ ಕಾಶಿ ಎಲ್ಲಿ, ಕುಷ್ಟಗಿ ಎಲ್ಲಿ! ಅಷ್ಟು ದೂರದಿಂದ ಬಣ್ಣ ಯಾರಿಗೆ ಗೊತ್ತಾಗುತ್ತದೆ?

ಸಂಜೆ ಕರೆ ಬಂತು. ನಾನು ಪಡಸಾಲೆಯ ಮಧ್ಯದಲ್ಲಿ ಮಣೆಯ ಮೇಲೆ ನಾಯಿಯನ್ನು ಕೂರಿಸಿ, ಪಕ್ಕದಲ್ಲಿ ನಾನೂ ಕೂತು, ಮೊಬೈಲನ್ನು ತಂಬಿಗೆಗೆ ಒರಗಿಸಿದ್ದೆ. ತೆರೆಯ ಮೇಲೆ ಶ್ವೇತಾ, ಅವಳ ತಾಯಿ, ಚನ್ನಬಸಪ್ಪನವರು, ಹಿಂದೆ ಇನ್ನೂ ಯಾರೋ ನಾಲ್ಕಾರು ಮುಖಗಳು.

“ರೇಷ್ಮಿ ಯಾಕ ಇಷ್ಟು ಕರ್ರಗ ಕಾಣ್ತಾಳ್ರಿ ಅಂಕಲ್?”

“ನಮ್ಮೂರ ಬಿಸಲವ್ವಾ. ನಾನೂ ಮದ್ಲ ಕೆಂಪಿದ್ದೆ.”

“ತೂಕಾ ಇಳದಾಂಗ ಕಾಣ್ತೈತಿ?”

“ಇಲ್ಲ ಇಲ್ಲ. ಮುಂಜಾನಿ ವಾಕಿಂಗ್ ಹೋಗ್ತಾಳ. ಗಟ್ಟಿ ಆಗ್ಯಾಳ.”

ಹೀಗೆ ವಿಚಾರಣೆ ಸುಗಮವಾಗಿ ಸಾಗಿತ್ತು. ನಾನು ಕ್ಯಾಮೆರಾದ ಕಡೆ ಮುಖ ಮಾಡಿ, ಎಡಗೈಯಿಂದ ಕೂದಲು ನೇವರಿಸುತ್ತ, ಈ ತಳಿಯ ಬೈತಲೆ ಹೇಗೆ ಮೂಗಿನಿಂದ ಬಾಲದವರೆಗೆ ನೇರ ಇರಬೇಕು ಎಂಬುದನ್ನು ವಿವರಿಸುತ್ತಿದ್ದೆ. “ನೋಡ್ರಿ, ನಮ್ಮ ಕೈಯಾಗ ಎಷ್ಟು ಶಾಂತ ಕುಂತಾಳ! ನಾಯಿಗೆ ಪ್ರೀತಿ ಗೊತ್ತಾಗ್ತೈತ್ರಿ. ಅಲ್ಲಾಡೂದ ಇಲ್ಲ.”

ಕಾಶಿಯಲ್ಲಿ ಎಲ್ಲರೂ ತೆರೆಯ ಹತ್ತಿರ ಮುಖ ತಂದಿದ್ದರು. ಎಲ್ಲರ ಬಾಯಿ ತೆರೆದಿತ್ತು. ನನ್ನ ಉಪನ್ಯಾಸಕ್ಕೆ ಮನಸೋತರು ಎಂದುಕೊಂಡೆ.

“ರೀ,” ಎಂದಳು ಶಾರದಾ, ಅಡುಗೆಮನೆಯ ಬಾಗಿಲಿಂದ. “ಹಿಂದ ನೋಡ್ರಿ.”

ಹಿಂದೆ ನೋಡಿದೆ. ಅಡುಗೆಮನೆಯ ಮೂಲೆಯಿಂದ ಒಂದು ಇಲಿ ಓಡಿಬಂದು ಪಡಸಾಲೆ ದಾಟುತ್ತಿತ್ತು. ಅದರ ಬೆನ್ನಿಗೆ, ಕಿವಿ ನೆಟ್ಟಗೆ ಮಾಡಿಕೊಂಡು, ಬೋಳು ಮೈಯ ಟೆರಿಯರು, ಹಿಂಭಾಗದ ಕೆಂಪು ಮುದ್ರೆ ಮೆರೆಸುತ್ತ ಬಾಣದಂತೆ ಓಡುತ್ತಿತ್ತು. ಹುಟ್ಟುಗುಣ ಎಚ್ಚರವಾಗಿತ್ತು, ಹುಕ್ಕು ಬಿಚ್ಚಿತ್ತು. ಮಣೆಯ ಮೇಲೆ, ನನ್ನ ಕೈಕೆಳಗೆ, ರಿಬ್ಬನ್ ಸಮೇತ ಶಾಂತವಾಗಿ ಕುಳಿತಿದ್ದದ್ದು ನನ್ನ ಹೆಂಡತಿಯ ಚೌರಿ!

ನಾನು ಮೊಬೈಲನ್ನು ಬೋರಲು ಹಾಕಿದೆ. ಇಡೀ ಪ್ರಸಂಗದಲ್ಲಿ ನಾನು ಮಾಡಿದ ಏಕೈಕ ವಿವೇಕದ ಕೆಲಸ ಅದೊಂದೇ. ತುಸು ತಡವಾಗಿತ್ತು.

ಆಮೇಲೆ ಕರೆ ಬರಲಿಲ್ಲ. ಆ ದಿನಗಳಲ್ಲಿ ಶಾರದಾ ನನ್ನ ತಾಟಿಗೆ ರೊಟ್ಟಿಯನ್ನು ದೂರದಿಂದ ಹಾಕುತ್ತಿದ್ದಳು. ಕೊನೆಗೊಂದು ಮುಂಜಾನೆ ಚನ್ನಬಸಪ್ಪನವರ ಕಾರು ಬಂದು ಬಾಗಿಲಲ್ಲಿ ನಿಂತಿತು. ಪ್ರಯಾಣದ ಚೀಲಗಳು ಇನ್ನೂ ಕಾರಿನಲ್ಲೇ ಇದ್ದವು. ಶ್ವೇತಾ ಇಳಿದದ್ದೇ ತಡ, ನಾಯಿ ಬೊಗಳುತ್ತ ಓಡಿ ಅವಳ ಕಾಲಿಗೆ ಸುತ್ತಿಕೊಂಡಿತು.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಅದನ್ನು ತೊಡೆಯ ಮೇಲೆ ಎತ್ತಿಕೊಂಡಳು. ಬೆರಳು ತಾವಾಗಿಯೇ ಅದರ ಬೆನ್ನ ಮೇಲೆ ಬೈತಲೆ ತೆಗೆಯಲು ಹೋದವು. ಅಲ್ಲಿ ಏನೂ ಇರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

“ಮರಿ ಇದ್ದಾಗಿಂದ ಬಾಚೀನ್ರಿ ಅಂಕಲ್,” ಎಂದಳು. “ಅವ್ವ ಆಸ್ಪತ್ರಿಯಾಗ ಇದ್ದಾಗೂ ಒಂದಿನ ತಪ್ಪಿಸಿಲ್ರಿ. ಬಾಚೂವಾಗ ಮನಸ್ಸಿಗೆ ಸಮಾಧಾನ ಆಗ್ತಿತ್ತು.”

ಒಂದು ಪದರದ ಕೂದಲು, ಎರಡು ಪದರದ ಕೂದಲು, ಬೇಸಿಗೆಯ ಆರೋಗ್ಯ ಎಂದು ನಾನೊಂದು ಸಮರ್ಥನೆ ಸಿದ್ಧಪಡಿಸಿಕೊಂಡಿದ್ದೆ. ಅದನ್ನು ಬದಿಗಿಟ್ಟೆ. “ನಂದು ತಪ್ಪಾತವ್ವಾ,” ಎಂದೆ. ಮೊಬೈಲಿನ ಸಹಾಯವಿಲ್ಲದೆ ನಾನು ಆಡಿದ ಮೊದಲ ನಿಜವಾದ ಮಾತು ಅದು.

ಆಗ ಚನ್ನಬಸಪ್ಪನವರು ಗಂಟಲು ಸರಿಮಾಡಿಕೊಂಡರು. ನಾನು ಬೈಗುಳಕ್ಕೆ ತಲೆ ಬಗ್ಗಿಸಿದೆ. “ಡಾಕ್ಟ್ರ, ಒಂದು ಮಾತು ಕೇಳ್ಲೇನ್ರಿ?”

“ಕೇಳ್ರಿ.”

“ಆ ಕೂದಲಾ ಅಂಗಿ ಹೊಲದವ್ರು ಯಾರ್ರಿ?”

ಎಂದವರೇ ಕಂಬ ಹಿಡಿದುಕೊಂಡು ನಗತೊಡಗಿದರು. ಅವರ ನಗು ನಿಲ್ಲಲಿಲ್ಲ. ಶ್ವೇತಾಳ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಬಾಜೂ ಖೋಲಿಯವರೆಲ್ಲಾ ಬಂದು ಕುಂದರ್ತಿದ್ರು ರೀ ಯಕ್ಕಾರ,” ಎಂದು ಶಾರದಾಗೆ ಹೇಳಿದರು. “ಇವತ್ತ ಡಾಕ್ಟ್ರು ಏನ್ ತೋರಸ್ತಾರ ಅಂತ. ಟವೆಲ್ ಸುತ್ತಿದ ದಿನದಿಂದ ಒಂದಿನಾನೂ ಬಿಟ್ಟಿಲ್ರಿ ನೋಡ್ರಿ.”

ಟವೆಲ್ ಸುತ್ತಿದ ದಿನದಿಂದ! “ಅಂದ್ರ... ನಿಮಗ ಮದ್ಲ ಗೊತ್ತಿತ್ತೇನ್ರಿ?”

ಶ್ವೇತಾ ಕಣ್ಣೊರೆಸಿಕೊಂಡು ವೀರೇಶನತ್ತ ನೋಡಿದಳು. ಅವನು ನೆಲ ನೋಡುತ್ತಿದ್ದ. “ಕತ್ತರಿಸಿದ ದಿನಾನ ಇವ್ರು ಮಾಳಿಗಿ ಮ್ಯಾಲಿಂದ ಫೋನ್ ಮಾಡಿ ಎಲ್ಲಾ ಹೇಳಿದ್ರು ರೀ. ಒಂದು ಮಾತೂ ಮುಚ್ಚಲಿಲ್ಲ. ಕೆಂಪು ಮುದ್ರಿದೂ ಹೇಳಿದ್ರು. ‘ನಿಮಗ ಸಿಟ್ಟು ಬಂದು ಬ್ಯಾಡ ಅಂದ್ರ ನನಗ ತಿಳೀತೈತಿ. ಆದ್ರ ಸುಳ್ಳು ಹೇಳಿ ಮದುವಿ ಆಗೂದು ನನ್ನಿಂದ ಆಗಂಗಿಲ್ಲ’ ಅಂದ್ರು. ನನಗ ಭಾಳ ಸಿಟ್ಟು ಬಂದಿತ್ರಿ. ಮರುದಿನಾ ನೀವು ಟವೆಲ್ ಸುತ್ತಿ ತಂದ್ರಲ್ಲ, ಅದನ್ನ ನೋಡಿ ಅಳೂದು ನಗೂದು ಎರಡೂ ಕೂಡಿ ಬಂತು.” ಸ್ವಲ್ಪ ತಡೆದು, “ನನ್ನ ಒಪ್ಪಿಗಿ ಐತ್ರಿ,” ಎಂದಳು.

ಶಾರದಾ ದೇವರ ಮನೆಯ ಕಡೆ ಓಡಿದಳು. ಚನ್ನಬಸಪ್ಪನವರು ನನ್ನ ಹೆಗಲ ಮೇಲೆ ಕೈ ಇಟ್ಟರು. “ಹುಡುಗ ಅಪ್ಪನಾಂಗ ಇಲ್ಲ ಅನ್ನೂದು ಖಾತ್ರಿ ಆತ್ರಿ ಡಾಕ್ಟ್ರ. ನಮಗ ಮತ್ತೇನ ಬೇಕು!”

ಲೋಕದಲ್ಲಿ ಗಂಡಿನ ಮನೆತನ ನೋಡಿ, ತಂದೆಯ ಮುಖ ನೋಡಿ ಹೆಣ್ಣು ಕೊಡುತ್ತಾರೆ. ನನ್ನ ಮಗನಿಗೆ ಮಾತ್ರ, ತಂದೆಯ ಮುಖ ನೋಡಿದ ಮೇಲೂ ಕೊಟ್ಟರು. ಆ ಕ್ಷಣದಲ್ಲಿ ನಾನು ಹೆಮ್ಮೆಪಡಬೇಕೋ ಬೇಡವೋ ಎಂದು ತಿಳಿಯದೆ, ಎರಡಕ್ಕೂ ಒಗ್ಗುವಂಥ ಒಂದು ಮುಖ ಮಾಡಿ ನಿಂತೆ.

ಶಾರದಾ ಸಕ್ಕರೆಯ ತಟ್ಟೆ ತಂದಳು. ಖಾಜಾಸಾಬ ಎದುರು ಮನೆಯಿಂದಲೇ ಕೈ ಬೀಸಿದ. ಎಲ್ಲರ ಬಾಯಿಗೂ ಸಕ್ಕರೆ ಬಿತ್ತು, ನಾಯಿಯ ಬಾಯಿಗೂ ಒಂದು ಕಣ. ಸಮಾರಂಭ ಸಾಂಗವಾಗಿ ಮುಗಿಯಿತು ಎನ್ನುವಾಗ ಶ್ವೇತಾ ಎದ್ದು ನನ್ನ ಮುಂದೆ ಬಂದಳು.

“ಒಂದ ಷರತ್ತು ಐತ್ರಿ ಮಾವಾರ.”

ಮಾವಾರ! ಆ ಒಂದು ಮಾತಿಗೆ ನನ್ನ ಎದೆ ಹಿಗ್ಗಿತು. ಬೇರೆ ಮನೆ ಮಾಡಿಕೊಡು ಎಂದರೂ ಮಾಡಿಕೊಡುವ ಔದಾರ್ಯದಲ್ಲಿ, “ಕೇಳವ್ವಾ. ಏನ ಕೇಳ್ತೀಯೋ ಕೇಳು,” ಎಂದೆ.

“ಮುಂದ ದೇವರ ದಯಾದಿಂದ ಮಕ್ಳಾದ್ರ,” ಎಂದಳು ಅವಳು, ನಾಯಿಯನ್ನು ಎದೆಗವಚಿಕೊಂಡು, “ಕೂಸಿನ ಮದ್ಲ ಕೂದಲಾ ತಗಸೂ ಜವಳದ ದಿನ ನೀವು ಊರಾಗ ಇರಬಾರ್ದ್ರಿ.”

ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಪರವಾಗಿ ಶಾರದಾ ಆಗಲೇ ಒಪ್ಪಿಕೊಂಡಾಗಿತ್ತು.